ಕಾಳಿಜ ನೋಡುವ ನೌಕರಿ

ಹನ್ನೆರಡು ವರ್ಷ ಕುರಿಗಳ ಕಾಳಿಜ ನೋಡಿದ್ದೇನೆ. ಪುಸ್ತಕದವರು ಯಕೃತ್ತು ಅನ್ನುತ್ತಾರೆ, ಪೇಟೆಯವರು ಕಾಳಿಜ ಅನ್ನುತ್ತಾರೆ. ಹತ್ತಿರ ಹತ್ತಿರ ಲಕ್ಷ ಕಾಳಿಜ ನನ್ನ ಕಣ್ಣ ಮುಂದೆ ಹಾದುಹೋಗಿವೆ. ಒಂದನ್ನೂ ಕೈಯಿಂದ ಮುಟ್ಟಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನನ್ನ ಹೆಸರು ಯಜ್ಞೇಶ್ವರ, ಊರು ಧಾರವಾಡ. ನಮ್ಮ ಮನೆತನದಲ್ಲಿ ಕೆಲವರು ಸಾಲಿ ಮಾಸ್ತರರಾದರು, ಕೆಲವರು ಕಚೇರಿಯ ಶಿರಸ್ತೇದಾರರಾದರು, ಒಬ್ಬ ಕಾಕಾ ತಂಬೂರಿ ಹಿಡಿದು ಕೂತವನು ಏಳಲೇ ಇಲ್ಲ. ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ ನನಗೆ ಮಾತ್ರ ೧೯೨೬ರಲ್ಲಿ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ ಮಾಂಸ ತಪಾಸಣೆಯ ನೌಕರಿ. ಬ್ರಾಹ್ಮಣರ ಹುಡುಗ, ಕುರಿ ಕೊಯ್ಯುವ ಅಂಗಳದಲ್ಲಿ. ಓಣಿಯ ಜನ ಬಾಯಿಗೆ ಸೆರಗು ಮುಚ್ಚಿ ನಕ್ಕರು. ಅವ್ವ, ಗೋದಾಬಾಯಿ, ಎರಡು ದಿನ ಅನ್ನ ಬಿಟ್ಟಳು. ಮೂರನೆಯ ದಿನ ಸಮಾಧಾನ ಮಾಡಿಕೊಂಡು ನನ್ನಿಂದ ಆಣೆ ಮಾಡಿಸಿಕೊಂಡಳು.

"ಮುಟ್ಟಂಗಿಲ್ಲ ಅಂತ ಹೇಳು. ದೂರ ನಿಂತು ನೋಡು. ಸಂಜಿಕ ಬಂದು ಹಿತ್ತಲದಾಗ ಸ್ನಾನ ಮಾಡಿ ಒಳಗ ಬಾ."

ಹಾಗೇ ಆಯಿತು. ಬೆಳಗಿನ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗುವುದು, ಹಳೇ ಹುಬ್ಬಳ್ಳಿಯ ಆಚೆಯ ಅಂಗಳದಲ್ಲಿ ಬೆತ್ತ ಹಿಡಿದು ನಾಲ್ಕು ಮಾರು ದೂರ ನಿಲ್ಲುವುದು. ಕಟುಕರ ಗುಲಾಬಸಾಬ ಕುರಿಯ ಹೊಟ್ಟೆ ಬಿಡಿಸಿ ಕಾಳಿಜ ಎತ್ತಿ ಹಿಡಿಯುತ್ತಿದ್ದ. ನಾನು ಬೆತ್ತದ ತುದಿ ತೋರಿಸಿ 'ಛಲೋ' ಅಂದರೆ ಮಾರಾಟಕ್ಕೆ, 'ಹೊರಗ' ಅಂದರೆ ಹೊರಗೆ. ಹೊರಗೆ ಹೋಗುವವು ಬಹಳ ಮಾಡಿ ನೀರುಗುಳ್ಳೆಯವು. ಕಾಳಿಜದ ಮೈಮೇಲೆ ದ್ರಾಕ್ಷಿಯಷ್ಟು, ನಿಂಬೆಹಣ್ಣಿನಷ್ಟು ಬಿಳಿಯ ಗುಳ್ಳೆಗಳು. ಚಾಕುವಿನ ತುದಿ ತಾಗಿದರೆ ಸಾಕು, ಪಚಕ್ಕನೆ ತಿಳಿನೀರು ಚಿಮ್ಮುತ್ತಿತ್ತು.

ಇಂಥವನ್ನು ಆಳೆತ್ತರದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿಯಬೇಕು ಅಂತ ಕಾಯದೆ ಇತ್ತು. ನಾನು ಹುಗಿಸಲಿಲ್ಲ. ಸೋಮಾರಿತನದಿಂದ ಹುಗಿಸಲಿಲ್ಲ ಅನ್ನುವ ಹಾಗಿದ್ದರೆ ಇಷ್ಟೊತ್ತಿಗೆ ನನ್ನ ಹೊಟ್ಟೆಯ ಸಂಕಟ ಅರ್ಧ ಕಡಿಮೆಯಾಗುತ್ತಿತ್ತು. ನಾನು ಹುಗಿಸದೆ ಇದ್ದದ್ದು ಪುಣ್ಯಕ್ಕೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮುಂಚೆ ಕಾಗೆಗೊಂದು ತುತ್ತು, ನಾಯಿಗೊಂದು ತುತ್ತು ಹೊರಗಿಡುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ನಾಯಿಗೆ ಹಾಕಿದ್ದು ಪಿತೃಗಳಿಗೆ ಮುಟ್ಟುತ್ತದೆ ಅಂತ ಅಜ್ಜ ಹೇಳುತ್ತಿದ್ದ. ಮನುಷ್ಯ ತಿನ್ನಬಾರದ ಕಾಳಿಜ ನಾಯಿಯಾದರೂ ತಿನ್ನಲಿ, ಹಸಿದ ಬಾಯಿ ಮುಂದಿರುವಾಗ ಮಣ್ಣಿಗೆ ಯಾಕೆ ಹಾಕಬೇಕು ಅಂತ ನನ್ನ ವಿಚಾರ. ಮೊದಲ ವಾರವೇ ಗುಲಾಬಸಾಬ ತಡೆದು ಕೇಳಿದ್ದ.

"ಕಾಯದೇದಾಗ ಹುಗೀಬೇಕಂತ ಐತೆಲ್ರಿ, ಸಾಹೇಬ್ರ?"

"ಕಾಯದೇ ನನಗ ಕಲಸ್ತೀಯೇನು? ತಿನ್ನೂದನ್ನ ಮಣ್ಣಾಗ ಹಾಕಿದ್ರ ಪಾಪ ಬರ್ತದ. ನಾಯಿಗೆ ಒಗಿ."

ಆತ ನಾಯಿಗಳತ್ತ ಎಸೆದ. ಮತ್ತೆ ಕೇಳಲಿಲ್ಲ. ನನ್ನ ಸಿಟ್ಟು ಊರಿಗೇ ಗೊತ್ತಿತ್ತು. ಅವ್ವನಿಗೆ ಇದನ್ನು ಹೇಳಿದಾಗ ಆಕೆಯ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. "ಅಂಥಾ ಜಾಗಾದಾಗ ಇದ್ದೂ ಒಂದೀಟು ಪುಣ್ಯಾ ಗಳಿಸಿದಿ" ಅಂದಳು.

ಅಮರಗೋಳದ ದ್ಯಾಮಣ್ಣ ನನ್ನ ಕಣ್ಣಿಗೆ ಬಿದ್ದದ್ದು ಆ ವರ್ಷವೇ. ಕುರುಬರವನು, ನೂರೈವತ್ತು ಕುರಿಯ ಹಟ್ಟಿ. ಪ್ರತಿ ಬೇಸ್ತವಾರ ಒಂದೆರಡು ಕುರಿ ಹೊಡೆದುಕೊಂಡು ಬರುತ್ತಿದ್ದ. ಹಿಂದೆ ಎರಡು ನಾಯಿ. ಗುಲಾಬಸಾಬ ಒಗೆದದ್ದನ್ನು ಆ ನಾಯಿಗಳು ಅಂಗಳದ ಮೂಲೆಯಲ್ಲಿ ಹೊಟ್ಟೆ ತುಂಬ ತಿನ್ನುತ್ತಿದ್ದವು. ಅದು ಎಂಥ ಕಾಳಿಜ ಅಂತ ದ್ಯಾಮಣ್ಣ ಕೇಳಿದವನಲ್ಲ, ಸಾಹೇಬರು ಹಾಕಿಸಿದ್ದು ಛಲೋನೇ ಇರುತ್ತದೆ ಅಂತ ನಂಬಿದ್ದ. ಎಷ್ಟೋ ಸಲ ದ್ಯಾಮಣ್ಣನ ಹೆಂಡತಿ ಹುಲಿಗೆವ್ವನೂ ಜೊತೆಗೆ ಬರುತ್ತಿದ್ದಳು. ಮಕ್ಕಳಿರಲಿಲ್ಲ. ವರ್ಷಕ್ಕೊಂದು ನಾಯಿಮರಿ ಅವಳ ಸೆರಗಿನಲ್ಲಿ ಬೆಳೆಯುತ್ತಿತ್ತು. ರೊಟ್ಟಿ ಮುರಿದು ಒಂದು ತುಣುಕು ಮರಿಗೆ ಕೊಡುವಳು, ಅದು ಬೆರಳು ನೆಕ್ಕುವುದು, ಅದೇ ಬೆರಳಿಂದ ಇನ್ನೊಂದು ತುಣುಕು ತನ್ನ ಬಾಯಿಗೆ.

ಆಕೆಗೆ ನನ್ನ ಹೆದರಿಕೆ ಇರಲಿಲ್ಲ. ಅಂಗಳದಲ್ಲಿ ನನ್ನ ಎದುರು ಮಾತಾಡುವ ಪ್ರಾಣಿ ಅದೊಂದೇ.

"ಗುಲಾಬಣ್ಣ, ಸಾಹೇಬ್ರು ಕಾಳಿಜಕ್ಕ ಹೆದರ್ತಾರೋ, ಕಾಳಿಜ ಸಾಹೇಬ್ರಿಗೆ ಹೆದರ್ತೈತೋ? ಯಾವಾಗ ನೋಡಿದ್ರೂ ನಾಕು ಮಾರು ದೂರ."

ನಾನು ಹುಬ್ಬು ಗಂಟಿಕ್ಕಿದರೆ ತಕ್ಷಣ ಮಾತು ತಿರುಗಿಸುವಳು. "ಸಿಟ್ಟಾಗಬ್ಯಾಡ್ರಿ. ನಮ್ಮ ನಾಯಿಗೆ ನೀವಂದ್ರ ದೇವ್ರು. ಬೇಸ್ತಾರ ಬಂತಂದ್ರ ನನ್ನ ಮಾತ ಕೇಳಂಗಿಲ್ಲ, ನಿಮ್ಮ ದಾರೀ ಹಿಡೀತಾವು."

ನನಗೆ ಖುಷಿಯಾಗುತ್ತಿತ್ತು. ಖರೇ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನ ನೌಕರಿಯ ಮೇಲೂ ಪ್ರೀತಿ ಬರುತ್ತಿತ್ತು.

ನಾಲ್ಕೈದು ವರ್ಷ ಕಳೆಯುವುದರೊಳಗೆ ದ್ಯಾಮಣ್ಣನ ಕುರಿಗಳ ಕಾಳಿಜ ಕೆಡತೊಡಗಿತು. ಏಳರಲ್ಲಿ ಒಂದಿದ್ದದ್ದು ಎರಡಾಯಿತು, ಮೂರಾಯಿತು, ಐದಕ್ಕೆ ಬಂತು. ಹರೆಯದ ಕುರಿಗಿಂತ ಮುದಿ ಕುರಿಯಲ್ಲಿ ಜಾಸ್ತಿ. ಕಾಳಿಜ ಬಿಟ್ಟು ಪುಪ್ಪುಸದಲ್ಲೂ ಗುಳ್ಳೆ. ದ್ಯಾಮಣ್ಣ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಕೇಳಿದ.

"ಯಾಕ ಹಿಂಗ ಆಗಾಕತ್ತೈತ್ರಿ, ಸಾಹೇಬ್ರ? ನೀವು ಓದಿದವ್ರು. ಹೇಳ್ರಿ, ಹಂಗ ಮಾಡ್ತೇನಿ."

ಓದಿದವನಂತೆ. ನನಗೆ ಇಲಾಖೆಯವರು ಕಲಿಸಿದ್ದು ಗುಳ್ಳೆ ಕಂಡರೆ ಹೊರಗೆ ಹಾಕುವುದನ್ನು. ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ 'ಗೊತ್ತಿಲ್ಲ' ಅನ್ನುವ ಮಾತು ನಮ್ಮ ಮನೆತನದಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಗುಳ್ಳೆಯೊಳಗೆ ನೀರಿದೆ, ಅಂದಮೇಲೆ ನೀರಿನದೇ ದೋಷ ಅಂತ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟೆ.

"ಕೆರಿ ನೀರು ಕುಡಸಬ್ಯಾಡ. ಬಾವಿ ನೀರು ಕುಡಸು."

ದ್ಯಾಮಣ್ಣ ಕೆರೆ ಬಿಟ್ಟ. ಊರಾಚೆಯ ಬಾವಿಯಿಂದ ಗಂಡ ಹೆಂಡತಿ ಇಬ್ಬರೂ ಕೊಡ ಹೊತ್ತು ನೂರೈವತ್ತು ಕುರಿಗೆ ನೀರು ಹಾಕಿದರು. ಒಂದು ವರ್ಷ ಹೊತ್ತರು. ಗುಳ್ಳೆ ಕಡಿಮೆಯಾಗಲಿಲ್ಲ. ಮುಂದಿನ ವರ್ಷ ನಾನು ಇಬ್ಬನಿ ಹುಲ್ಲಿನ ಮೇಲೆ ತಪ್ಪು ಹೊರಿಸಿದೆ. ಬಿಸಿಲು ಏರುವ ತನಕ ದ್ಯಾಮಣ್ಣ ಹಟ್ಟಿಯ ಬೇಲಿ ತೆರೆಯದಾದ. ಕುರಿಗಳು ಮೇವಿಲ್ಲದೆ ಸೊರಗಿದವು, ಗುಳ್ಳೆ ಸೊರಗಲಿಲ್ಲ. ಅದರ ಮುಂದಿನ ವರ್ಷ ಹಟ್ಟಿಯ ತಂಪು ನೆಲ ಕಾರಣವಾಯಿತು. ಆತ ಎರೆ ನೆಲ ಬಿಟ್ಟು ಹೆಬ್ಬಳ್ಳಿ ದಾರಿಯ ಕಲ್ಲುದಿಬ್ಬಕ್ಕೆ ಹಟ್ಟಿ ಸಾಗಿಸಿದ. ಹೋದಲ್ಲೆಲ್ಲ ನಾಯಿಗಳೂ ಜೊತೆಗೆ ಹೋದವು. ಕಡೆಗೊಮ್ಮೆ ನನ್ನ ತಲೆ ಕೆಟ್ಟು ಹತ್ತು ಜನರ ಮುಂದೆ ಒದರಿಬಿಟ್ಟೆ. "ನಿನ್ನ ಹಟ್ಟಿಯೊಳಗ ಏನೋ ಹೊಲಸು ಅದ, ದ್ಯಾಮಣ್ಣ. ಮೊದಲು ಅದನ್ನ ಹುಡುಕು." ಆತ ತಲೆ ತಗ್ಗಿಸಿದ. ನಾಯಿಗಳು ಮೂಲೆಯಲ್ಲಿ ತಿನ್ನುತ್ತಿದ್ದವು.

ಹೆಬ್ಬಳ್ಳಿಯ ಇಮಾಮಹುಸೇನನೂ ಅದೇ ಅಂಗಳಕ್ಕೆ ಕುರಿ ತರುತ್ತಿದ್ದ. ಅವನ ಕುರಿ ಕೆರೆಯ ನೀರನ್ನೇ ಕುಡಿಯುತ್ತಿದ್ದವು, ಕೆಸರಲ್ಲೇ ಮಲಗುತ್ತಿದ್ದವು. ಕುರಿಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬರುತ್ತಿದ್ದ, ನಾಯಿಯನ್ನು ತರುತ್ತಿರಲಿಲ್ಲ. ಅವನ ಕುರಿಗಳಲ್ಲಿ ಇಪ್ಪತ್ತಕ್ಕೊಂದು ಕೆಟ್ಟಿದ್ದರೆ ಹೆಚ್ಚು. ಇಬ್ಬರ ಹೆಸರೂ ನನ್ನ ದಫ್ತರದಲ್ಲಿ ಒಂದರ ಕೆಳಗೊಂದು, ನನ್ನದೇ ಗುಂಡು ಅಕ್ಷರದಲ್ಲಿ, ಹತ್ತು ವರ್ಷ. ಅಕ್ಷರ ಛಲೋ ಇದೆ ಅಂತ ಮೇಲಿನವರಿಂದ ಶಾಭಾಸ್ ಅನಿಸಿಕೊಂಡಿದ್ದೆ. ಬರೆದದ್ದನ್ನು ಒಂದು ದಿನವೂ ಓದಲಿಲ್ಲ.

೧೯೩೭ರ ಮಳೆಗಾಲದಲ್ಲಿ ಹುಲಿಗೆವ್ವ ಅಂಗಳದ ಕಟ್ಟೆಯ ಮೇಲೆ ಪಕ್ಕೆ ಹಿಡಿದು ಕೂತಿದ್ದಳು.

"ಬಲಗಡೆ ಪಕ್ಕಿ ಬುಡಕ ಯಾರೋ ಕಲ್ಲ ಇಟ್ಟಂಗ ಆಗೈತ್ರಿ, ಸಾಹೇಬ್ರ. ಬಗ್ಗಾಕ ಬರವಲ್ದು."

"ಅಜೀರ್ಣ. ಓಂಕಾಳು ಜೀರಿಗಿ ಅರದು ಕುಡಿ" ಅಂದೆ. ಕಾಳಿಜ ಯಾವ ಬದಿಗೆ ಇರುತ್ತದೆ ಅಂತ ಲಕ್ಷ ಸಲ ನೋಡಿದವನು ಹೇಳಿದ ಮಾತು ಇದು.

ದೀಪಾವಳಿಯ ಹೊತ್ತಿಗೆ ಆಕೆಯ ಹೊಟ್ಟೆಯ ಬಲಭಾಗ ಹೊರಗೆ ಕಾಣುವಂತೆ ಉಬ್ಬಿತು. ಓಣಿಯ ಹೆಂಗಸರು ಬಸುರು ಅಂತ ಕಣ್ಣು ಮಿಟುಕಿಸಿದರಂತೆ. ಆಕೆ ಅವರ ಬಾಯಿ ಮುಚ್ಚಿಸಿದಳಂತೆ: "ಪಕ್ಕಿಯೊಳಗ ಬಸರಾಗಾಕ ನಾ ಏನು ದೇವ್ರೇನು?" ಸಂಕ್ರಾಂತಿ ಕಳೆದ ಮೇಲೆ ದ್ಯಾಮಣ್ಣ ನನ್ನ ಹತ್ತಿರ ಬಂದ. ದೊಡ್ಡ ದವಾಖಾನೆಗೆ ಒಯ್ಯುತ್ತೇನೆ, ಅಲ್ಲಿಯವರ ಮಾತು ತನಗೆ ತಿಳಿಯುವುದಿಲ್ಲ, ನೀವೂ ಬರ್ರಿ ಅಂದ. ಹೋದೆ.

ಅಲ್ಲಿ ಮೃಣಾಲಿನಿಬಾಯಿ ಅಂತ ಡಾಕ್ಟರು. ಮುಂಬೈಯಲ್ಲಿ ಕಲಿತವರು, ಮಾತು ನೇರ. ಹುಲಿಗೆವ್ವನ ಪಕ್ಕೆಯ ಮೇಲೆ ಬೆರಳಿಟ್ಟು ಬಡಿದು ಬಡಿದು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಹೊಟ್ಟೆಯ ಬಗ್ಗೆ ಅಲ್ಲ.

"ಮನಿಯೊಳಗ ನಾಯಿ ಅದಾವೇನು?"

"ಎರಡ ಅದಾವ್ರಿ, ಮತ್ತೊಂದು ಮರಿ" ಅಂದಳು ಹುಲಿಗೆವ್ವ. "ನನ್ನ ಹಾಸಿಗ್ಯಾಗ ಮಲಗ್ತಾವು."

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ನಾಯಿಯ ಕರುಳಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಹುಳ ಇರುತ್ತದೆ. ಅದರ ತತ್ತಿ ನಾಯಿಯ ಹೇಲಿನಲ್ಲಿ ಬಿದ್ದು ಹುಲ್ಲಿಗೆ ಹತ್ತುತ್ತದೆ, ನಾಯಿಯ ಮೈಗೂದಲಿಗೂ ಹತ್ತುತ್ತದೆ. ಹುಲ್ಲು ಮೇದ ಕುರಿಯ ಕಾಳಿಜದಲ್ಲಿ ಅದು ನೀರುಗುಳ್ಳೆಯಾಗುತ್ತದೆ. ನಾಯಿಯನ್ನು ಮುಟ್ಟಿ ಕೈ ತೊಳೆಯದೆ ಉಂಡ ಮನುಷ್ಯನಲ್ಲೂ ಹಾಗೇ. ಬೆಳೆಯುವುದಕ್ಕೆ ವರ್ಷಗಟ್ಟಲೆ ಬೇಕು. "ಆದ್ರ ನಾಯಿಗೆ ಆ ಹುಳ ಎಲ್ಲಿಂದ ಬರಬೇಕು? ಗುಳ್ಳಿ ಆದ ಹಸೀ ಕಾಳಿಜ ತಿಂದ್ರನ ಬರ್ತದ. ಬ್ಯಾರೆ ದಾರಿ ಇಲ್ಲ. ನಿಮ್ಮ ನಾಯಿಗೆ ಏನು ಹಾಕ್ತೀರಿ?"

ನಾನು ಗೋಡೆಗೆ ಒರಗಿದೆ.

"ರೊಟ್ಟಿ, ಮಜ್ಜಿಗಿ ಬಿಟ್ರ ನಾವೇನೂ ಹಾಕಂಗಿಲ್ರಿ" ಅಂದ ದ್ಯಾಮಣ್ಣ. ಆಮೇಲೆ ನನ್ನ ಕಡೆ ತಿರುಗಿದ, ಮುಖದ ತುಂಬ ಉಪಕಾರ. "ಬೇಸ್ತಾರಕ್ಕೊಮ್ಮಿ ಸಾಹೇಬ್ರು ಹೊಟ್ಟಿ ತುಂಬ ಹಾಕಸ್ತಾರ. ಅವರ ದಯಾ. ಅದು ಛಲೋ ಕಾಳಿಜ ಇರ್ತೈತಿ, ಹೌದಲ್ರಿ, ಸಾಹೇಬ್ರ?"

ಡಾಕ್ಟರ ಕನ್ನಡಕ ನನ್ನ ಕಡೆ ತಿರುಗಿತು. "ಹೂಂ" ಅಂದೆ. ಅಷ್ಟೇ ಅಂದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹುಟ್ಟಿದಾಗಿನಿಂದ ಹೇಳಿಲ್ಲ. ಡಾಕ್ಟರಿಗೆ ಪೂರ್ತಿ ನಂಬಿಕೆ ಬರಲಿಲ್ಲ ಅಂತ ತೋರುತ್ತದೆ, ನನ್ನ ಮೇಲಿನ ಕಣ್ಣು ಲಗೂ ತೆಗೆಯಲಿಲ್ಲ. ಆಮೇಲೆ ನಾಯಿಗಳನ್ನು ಕಟ್ಟಿಹಾಕಬೇಕು, ಒಂದು ಹೊತ್ತು ಉಪವಾಸ ಕೆಡವಿ ಅಡಿಕೆ ಪುಡಿ ತುಪ್ಪದಲ್ಲಿ ಕಲಸಿ ತಿನ್ನಿಸಿದರೆ ಹುಳ ಬೀಳುತ್ತದೆ, ಬಿದ್ದದ್ದನ್ನು ಸುಡಬೇಕು ಅಂತ ಹೇಳಿದರು.

"ನಾಯಿಗೆ ಅಡಿಕಿ?" ಅಂದ ದ್ಯಾಮಣ್ಣ.

"ಎಲಿ ಸುಣ್ಣಾನೂ ಹಚ್ಚಿ ಕೊಡು" ಅಂದಳು ಹುಲಿಗೆವ್ವ ಪಕ್ಕೆ ಒತ್ತಿ ಹಿಡಿದು. "ನಮ್ಮ ಮದುವ್ಯಾಗ ನಿನಗ ಕೊಟ್ಟಿರಲಿಲ್ಲಾ, ನಾಯಿಗರ ಕೊಡು."

ಡಾಕ್ಟರೂ ನಕ್ಕರು. ನಗು ಮುಗಿದ ಮೇಲೆ ಉಳಿದದ್ದನ್ನು ಹೇಳಿದರು. ಗುಳ್ಳೆ ತೆಂಗಿನಕಾಯಿಯಷ್ಟು ಬೆಳೆದಿದೆ. ಕೊಯ್ದು ತೆಗೆಯಬೇಕು. ತೆಗೆಯುವಾಗ ಒಳಗೇ ಒಡೆದರೆ ಅದರ ನೀರು ವಿಷ, ಮೈ ತಾಳುವುದಿಲ್ಲ. ಹಾಗೆ ಬಿಟ್ಟರೆ ಒಂದು ದಿನ ಎಡವಿ ಬಿದ್ದಾಗ ತಾನೇ ಒಡೆಯುತ್ತದೆ. ಸೋಮವಾರ ಆಪರೇಶನ್ ಅಂತ ಠರಾವಾಯಿತು.

ರವಿವಾರ ಮಧ್ಯಾಹ್ನ ವಾರ್ಡಿಗೆ ಹೋದೆ. ದ್ಯಾಮಣ್ಣ ಇರಲಿಲ್ಲ. ನಾಯಿಗಳನ್ನು ಕಟ್ಟಿಹಾಕಿದ್ದರಿಂದ ಹಟ್ಟಿಗೆ ತೋಳ ಬರುತ್ತಿತ್ತು, ಕಾಯಲು ಬೇರೆ ದಿಕ್ಕಿಲ್ಲದೆ ತಾನೇ ಅಮರಗೋಳಕ್ಕೆ ಓಡಿದ್ದ. ಹುಲಿಗೆವ್ವ ಒಬ್ಬಳೇ ದಿಂಬಿಗೆ ಒರಗಿ ಕೂತಿದ್ದಳು. ನಾನು ಮಂಚದ ಹತ್ತಿರ ನಿಂತು ಎಲ್ಲಾ ಹೇಳಿದೆ. ನಾಯಿಗೆ ಹಾಕಿಸಿದ್ದು ಛಲೋ ಕಾಳಿಜ ಅಲ್ಲ, ಗುಳ್ಳೆಯಾಗಿ ಹೊರಗೆ ಹಾಕಿದ್ದೇ. ಹುಗಿಯಬೇಕು ಅಂತ ಕಾಯದೆ ಇತ್ತು. ಹುಗಿಸಲಿಲ್ಲ.

ಆಕೆ ಹೊದಿಕೆಯನ್ನು ಪಕ್ಕೆಯ ಮೇಲೆ ಎಳೆದುಕೊಂಡು ಕೇಳಿದಳು.

"ಎಷ್ಟ ವರ್ಷ?"

"ಹನ್ನೆರಡು."

"ನನ್ನ ಗಂಡ ನಿಮ್ಮ ಮಾತಿಗೆ ಕೊಡಾ ಹೊತ್ತು ಹೊತ್ತು ನಡಾ ಮುರಕೊಂಡ, ಗೊತ್ತೈತೇನ್ರಿ? ನಮ್ಮ ಹಟ್ಯಾಗ ಹೊಲಸೈತಿ ಅಂತ ಮಂದ್ಯಾಗ ಅಂದ್ರಿ. ಅವತ್ತ ಅಂವ ಉಣಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಧೋತರದ ಚುಂಗು ಕಣ್ಣಿಗೆ ಒತ್ತಿಕೊಂಡೆ.

"ಅಳೂದಿದ್ರ ಹೊರಗ ಹೋಗಿ ಅಳ್ರಿ. ನನ್ನ ಮುಂದ ಬ್ಯಾಡ." ಆಮೇಲೆ ದನಿ ಇಳಿಸಿ ಅಂದಳು. "ಅವಗ ಮಾತ್ರ ಹೇಳಬ್ಯಾಡ್ರಿ."

"ಯಾಕ?"

"ಸಿಟ್ಟಿಗೇಳಂಗಿಲ್ಲ ಅಂವ. ನಿಮಗ ಕೈ ಮುಗೀತಾನ. ಗೊತ್ತಿಲ್ದ ಮಾಡೀರಿ, ಹೋಗ್ಲಿ ಬಿಡ್ರಿ ಅಂತ ನಿಮಗ ಸಮಾಧಾನ ಹೇಳ್ತಾನ. ಅದನ್ನ ನಾ ಕೇಳಲಾರೆ." ಆಮೇಲೆ ಕಿಟಕಿಯ ಕಡೆ ನೋಡುತ್ತ, ಪಕ್ಕೆ ಹಿಡಿದುಕೊಂಡೇ ನಕ್ಕಳು. "ನನ್ನ ಗಂಡ ಶಾಣ್ಯಾ ಅಲ್ರಿ, ಭಾಳ ಛಲೋ ಮನಶ್ಯಾ. ಅಂಥಾವನ ಕೂಡ ಬಾಳೇ ಮಾಡೂದು ಎಷ್ಟ ತ್ರಾಸು, ಎಷ್ಟ ಸುಖ, ನಿಮಗ ಹೆಂಗ ಹೇಳ್ಲಿ."

ನಾನು ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಕೊಡುವಾಗ ಎದೆಯ ಮೇಲಿನ ಭಾರ ಇಳಿದ ಹಾಗೂ ಆಯಿತು. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಇನ್ನೇನು ಮಾಡುವುದಿದೆ.

ಸೋಮವಾರ ಕೊಯ್ಯುವ ಕೋಣೆಗೆ ಒಯ್ದ ಅರ್ಧ ತಾಸಿನಲ್ಲಿ ಡಾಕ್ಟರು ಹೊರಗೆ ಬಂದರು. ಗುಳ್ಳೆಯ ಸಿಪ್ಪೆ ತೀರ ತೆಳ್ಳಗಾಗಿತ್ತಂತೆ, ಕೈ ತಾಗುವ ಮುಂಚೆಯೇ ಹರಿಯಿತಂತೆ. ನೋಡನೋಡುತ್ತ ಮೈ ನೀಲಿಗಟ್ಟಿ ಉಸಿರು ನಿಂತಿತು ಅಂದರು. ದ್ಯಾಮಣ್ಣ ಆಗಿನ್ನೂ ಹಾದಿಯಲ್ಲಿದ್ದ. ಹಟ್ಟಿ ಕಾಯಲು ಒಬ್ಬರನ್ನು ಗೊತ್ತುಮಾಡಿ ಬರುವುದರೊಳಗೆ ತಡವಾಗಿತ್ತು. ಬಂದವನಿಗೆ ನಾನೇ ಹೇಳಿದೆ. ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಮರುದಿನವೇ ಅಂಗಳದಲ್ಲಿ ಗುಂಡಿ ತೋಡಿಸಿದೆ. ಆಳೆತ್ತರದ್ದು, ಸುಣ್ಣ ಸುರಿದದ್ದು. ಗುಲಾಬಸಾಬ ಏನೂ ಕೇಳಲಿಲ್ಲ. ನಾನು 'ಹೊರಗ' ಅಂದದ್ದನ್ನೆಲ್ಲ ತಾನೇ ಒಯ್ದು ಹಾಕಿ ಮಣ್ಣು ಎಳೆದ. ಆತನ ಆ ಮೌನಕ್ಕೆ ನನ್ನ ಮೈ ಉರಿಯಿತು. ಬೈದರೂ ಚಿಂತೆಯಿಲ್ಲ, ಒಂದು ಮಾತಾದರೂ ಆಡಬಾರದೆ ಅನಿಸಿತು.

ಒಂದೂವರೆ ತಿಂಗಳು ಬಿಟ್ಟು ದ್ಯಾಮಣ್ಣ ಏಳು ಕುರಿ ಹೊಡೆದುಕೊಂಡು ಬಂದ. ನಾಯಿಗಳಿರಲಿಲ್ಲ. ಗಡ್ಡ ಬೆಳೆದಿತ್ತು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ಅದೇ ಹಳೆಯ ರೀತಿಯಲ್ಲಿ.

"ಆಕಿ ಹೋದ್ಲು, ಕುರಿಯರ ಉಳೀಬೇಕಲ್ರಿ, ಸಾಹೇಬ್ರ. ಏನ ಮಾಡ್ಲಿ? ನೀವು ಹೇಳ್ರಿ, ಹಂಗ ಮಾಡ್ತೇನಿ."

"ನಾಯಿಗೆ ಹಸೀ ಕಾಳಿಜ ಹಾಕಬಾರದು, ದ್ಯಾಮಣ್ಣ" ಅಂದೆ. ಬೇರೇನು ಹೇಳಲಿ.

"ನಾ ಎಲ್ಲಿ ಹಾಕೇನ್ರಿ? ನಾ ಒಂದಿನಾನೂ..."

ಮಾತು ಅಲ್ಲಿಗೇ ನಿಂತಿತು. ಗುಲಾಬಸಾಬ ಆಗಷ್ಟೇ ಗುಳ್ಳೆಯ ಕಾಳಿಜವೊಂದನ್ನು ಎತ್ತಿಕೊಂಡು ಗುಂಡಿಯ ಕಡೆ ನಡೆದಿದ್ದ. ದ್ಯಾಮಣ್ಣ ಅದನ್ನೇ ನೋಡಿದ. ಸುಣ್ಣದ ಗುಂಡಿ ನೋಡಿದ, ನಾಯಿಗಳು ತಿನ್ನುತ್ತಿದ್ದ ಖಾಲಿ ಮೂಲೆ ನೋಡಿದ. ಶಾಣ್ಯಾ ಅಲ್ಲ ಅಂತ ಹೆಂಡತಿ ಅಂದಿದ್ದಳು. ಎಲ್ಲಾ ತಿಳಿಯಲು ಆತನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ.

"ಛಲೋ ಕಾಳಿಜ ಅಂದಿದ್ರಿ" ಅಂದ.

"ಸುಳ್ಳು ಹೇಳಿದೆ."

ಆತ ಕೈ ಮುಗಿಯಲಿಲ್ಲ. ಅಷ್ಟರ ಮಟ್ಟಿಗೆ ಹುಲಿಗೆವ್ವ ತಿಳಿದದ್ದು ತಪ್ಪು.

"ಆಕಿಗೆ ಗೊತ್ತಿತ್ತೇನು?"

"ಹಿಂದಿನ ದಿನ ಹೇಳಿದೆ. ನಿನಗ ಹೇಳಬ್ಯಾಡ ಅಂತ ಮಾತು ತಗೊಂಡ್ಲು."

ದ್ಯಾಮಣ್ಣ ರುಮಾಲನ್ನು ಕಂಕುಳಿನಿಂದ ತೆಗೆದು ಬಿಡಿಸಿದ, ಮತ್ತೆ ಮಡಿಸಿದ. "ಮತ್ತೇನಂದ್ಲು?"

ಹೇಳಿದೆ. ಆತ ಕೇಳಿದ್ದನ್ನು ಮುಚ್ಚಿಡುವ ಮುಖ ನನಗಿರಲಿಲ್ಲ. ಶಾಣ್ಯಾ ಅಲ್ಲ, ಭಾಳ ಛಲೋ ಮನುಷ್ಯ ಅಂದದ್ದು, ತ್ರಾಸು ಸುಖ ಅಂದದ್ದು, ಕಿಟಕಿಯ ಕಡೆ ನೋಡಿ ನಕ್ಕದ್ದು. ಹೇಳುತ್ತ ಹೋದಂತೆ ಆತನ ಮುಖ ಗಟ್ಟಿಯಾಗುತ್ತ ಹೋಯಿತು.

"ಹದಿನೆಂಟು ವರ್ಷ ಬಾಳೇ ಮಾಡಿದ್ಲು. ನನಗ ಬೈದಾಳ, ಅಣಕಿಸ್ಯಾಳ. ಛಲೋ ಮನಶ್ಯಾ ಅಂತ ಇದೊಂದು ಮಾತು ನನ್ನ ಮುಂದ ಆಡಲಿಲ್ಲ." ಕುರಿಗಳ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡ. "ಅದನ್ನೂ ನೀವ ಇಸಗೊಂಡ್ರಿ."

ಏಳೂ ಕುರಿಗಳನ್ನು ಹಾಗೆಯೇ ತಿರುಗಿಸಿಕೊಂಡು ಅಂಗಳದಿಂದ ಹೊರಟ. ಗುಲಾಬಸಾಬ ಚಾಕು ಕೆಳಗಿಟ್ಟು ಆತನಿಗೆ ದಾರಿ ಬಿಟ್ಟ.